ಒಣ ದಿನ ಎಣಿಸಿ, ಆಮೇಲೆ ಕುಡುಗೋಲು ಹಿಡಿಯಿರಿ: ದಾವಣಗೆರೆ–ಚಿತ್ರದುರ್ಗದ ರೈತರಿಗೆ ಕೊಯ್ಲು ಮತ್ತು ಮಳೆಯ ಮಾರ್ಗದರ್ಶಿ

ದಸರಾ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಕೆಲಸವೆಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತದೆ. ಜಗಳೂರು, ಭರಮಸಾಗರ, ಆನಗೋಡು ಕಡೆ ಮೆಕ್ಕೆಜೋಳದ ತೆನೆ ಒಣಗಿ ಜೋತು ಬಿದ್ದಿರುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಶೇಂಗಾ ಕೀಳುವ ಗಡಿಬಿಡಿ. ಹೊಸದುರ್ಗದಲ್ಲಿ ರಾಗಿ ತೆನೆ ಕಂದು ತಿರುಗಿರುತ್ತದೆ. ಹರಿಹರ, ಹೊನ್ನಾಳಿಯ ಭದ್ರಾ ನಾಲೆ ಬಯಲಲ್ಲಿ ಭತ್ತ ಬಾಗಿ ನಿಂತಿರುತ್ತದೆ. ಆಳು ಸಿಗುವುದಿಲ್ಲ, ಮಷಿನ್ ಸಿಗುವುದಿಲ್ಲ. ಇಷ್ಟರ ನಡುವೆ ಬಂಗಾಳ ಕೊಲ್ಲಿಯಲ್ಲಿ ಏನೋ ಎದ್ದಿದೆ ಅಂತ ಟಿವಿಯಲ್ಲಿ ಬರುತ್ತದೆ.

ಕೊಯ್ಲಿನ ದಿನವನ್ನು ನಾವು ಸಾಮಾನ್ಯವಾಗಿ ಮೂರು ವಿಷಯ ನೋಡಿ ಗೊತ್ತು ಮಾಡುತ್ತೇವೆ: ಬೆಳೆಯ ಬಣ್ಣ, ಆಳು ಬರುವ ದಿನ, ಮಷಿನ್ ಬರುವ ದಿನ. ಇದಕ್ಕೆಲ್ಲ ಮುಂಚೆ ನೋಡಬೇಕಾದ್ದು ಇನ್ನೊಂದಿದೆ ಅನ್ನುವುದು ನನ್ನ ವಾದ. ಕೊಯ್ದ ಮೇಲೆ ಆ ಬೆಳೆಗೆ ಎಷ್ಟು ಒಣ ದಿನ ಬೇಕು? ಮುಂದೆ ಅಷ್ಟು ಒಣ ದಿನ ಇವೆಯಾ? ಬಲಿತು ಹೊಲದಲ್ಲಿ ನಿಂತ ಬೆಳೆ ಒಂದೆರಡು ಮಳೆ ತಡೆದುಕೊಳ್ಳುತ್ತದೆ. ಕೊಯ್ದು ನೆಲಕ್ಕೆ ಹಾಕಿದ್ದು ತಡೆಯುವುದಿಲ್ಲ. ಈ ಮಾರ್ಗದರ್ಶಿ ಪೂರ್ತಿ ಈ ಲೆಕ್ಕದ ಮೇಲೇ ನಿಂತಿದೆ.

ಹಂತ 1: ಎಂಥ ಮಳೆ ಅಂತ ಗುರುತಿಸಿ

ಅಕ್ಟೋಬರ್ ಮಧ್ಯದ ಹೊತ್ತಿಗೆ ಮುಂಗಾರು ಕರ್ನಾಟಕದಿಂದ ಹಿಂದೆ ಸರಿಯುತ್ತದೆ, ಹಿಂಗಾರು ಶುರುವಾಗುತ್ತದೆ. ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳುವುದಾದರೆ ಅಕ್ಟೋಬರ್ 10–11ರಿಂದ ಚಿತ್ತೆ, 24ರ ಆಸುಪಾಸಿನಿಂದ ಸ್ವಾತಿ, ನವೆಂಬರ್ 6ರಿಂದ ವಿಶಾಖೆ, 19–20ರಿಂದ ಅನುರಾಧ. ಡಿಸೆಂಬರ್ ಮೊದಲ ವಾರಕ್ಕೆ ಜ್ಯೇಷ್ಠ.

ಈ ದಿನಗಳಲ್ಲಿ ಎರಡು ಥರದ ಮಳೆ ಬರುತ್ತದೆ. ಎರಡಕ್ಕೂ ನಾವು ಮಾಡಬೇಕಾದ ಕೆಲಸ ಬೇರೆ ಬೇರೆ.

ಒಂದು, ಅಕ್ಟೋಬರಿನ ಗುಡುಗು ಮಳೆ. ಬೆಳಿಗ್ಗೆ ಚುರುಕು ಬಿಸಿಲು, ಮಧ್ಯಾಹ್ನದ ಹೊತ್ತಿಗೆ ಸೆಖೆ, ಮೂರು ನಾಲ್ಕು ಗಂಟೆಗೆ ಮೋಡ ಕಟ್ಟಿ ಸಂಜೆ ಸುರಿಯುತ್ತದೆ. ಒಂದು ಊರಿಗೆ ಬಿದ್ದರೆ ಪಕ್ಕದ ಊರಿಗೆ ಹನಿಯೂ ಇಲ್ಲ. ಹಿರಿಯರು ಕುರುಡು ಚಿತ್ತೆ ಅಂತ ಕರೆದದ್ದು ಇದನ್ನೇ. ಈ ಮಳೆಗೆ ಮಾರನೇ ದಿನ ಬಿಸಿಲು ಇದ್ದೇ ಇರುತ್ತದೆ. ಹಾಗಾಗಿ ಮಧ್ಯಾಹ್ನ ಎರಡರೊಳಗೆ ಹೊರಗಿನ ಕೆಲಸ ಮುಗಿಸಿ ಮುಚ್ಚಿಬಿಟ್ಟರೆ ಗೆದ್ದಂತೆ.

ಇನ್ನೊಂದು, ನವೆಂಬರ್–ಡಿಸೆಂಬರಿನ ಸೈಕ್ಲೋನ್ ಮಳೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎದ್ದು ತಮಿಳುನಾಡು ಅಥವಾ ದಕ್ಷಿಣ ಆಂಧ್ರದ ಕರಾವಳಿಯತ್ತ ಬಂದಾಗ ನಮ್ಮಲ್ಲಿ ಮೋಡ ಮುಚ್ಚಿಕೊಳ್ಳುತ್ತದೆ. ಜೋರು ಮಳೆ ಕಡಿಮೆ, ಜಡಿ ಜಾಸ್ತಿ. ಎರಡು ಮೂರು ದಿನ ಬಿಸಿಲೇ ಕಾಣುವುದಿಲ್ಲ. ಬೆಳೆ ಕೆಡಿಸುವುದರಲ್ಲಿ ಇದೇ ದೊಡ್ಡದು. ನೀರಿಗಿಂತ ಹೆಚ್ಚಾಗಿ ಒಣಗಲು ಅವಕಾಶ ಸಿಗದೆ ಬೆಳೆ ಹಾಳಾಗುತ್ತದೆ. 2021ರ ನವೆಂಬರಿನಲ್ಲಿ ರಾಜ್ಯದ ತುಂಬ ಕೊಯ್ಲಿಗೆ ಬಂದ ರಾಗಿ, ಭತ್ತ ನೀರು ಪಾಲಾದದ್ದು ನೆನಪಿರಬೇಕಲ್ಲ? 2024ರಲ್ಲಿ ನವೆಂಬರ್ 30ಕ್ಕೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತು. ಆಮೇಲಿನ ದಿನಗಳಲ್ಲಿ ದಕ್ಷಿಣ ಒಳನಾಡಿನಲ್ಲಿ ಮಳೆ ಹಿಡಿಯಿತು.

ಈ ಎರಡನೇ ಥರದ ಮಳೆಗೆ ಒಂದು ಒಳ್ಳೆಯ ಗುಣ ಇದೆ. ಅದು ಹೇಳದೇ ಬರುವುದಿಲ್ಲ. ಕೊಲ್ಲಿಯಲ್ಲಿ ಕುಸಿತ ಕಾಣಿಸಿಕೊಂಡ ಮೇಲೆ ನಮಗೆ ಸಾಮಾನ್ಯವಾಗಿ ಮೂರು ನಾಲ್ಕು ದಿನ ಕೈಯಲ್ಲಿರುತ್ತದೆ.

ಹಂತ 2: ಮುನ್ಸೂಚನೆಯನ್ನು ರೈತನ ಕಣ್ಣಿಂದ ಓದಿ

ಮೊದಲನೆಯದಾಗಿ, ಹವಾಮಾನ ಇಲಾಖೆಯ ವಿಭಾಗದಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ‘ದಕ್ಷಿಣ ಒಳನಾಡು’ ಪಟ್ಟಿಯಲ್ಲಿವೆ. ಟಿವಿಯಲ್ಲಿ ‘ಉತ್ತರ ಒಳನಾಡಿನಲ್ಲಿ ಒಣಹವೆ’ ಅಂದರೆ ಅದು ನಮಗಲ್ಲ.

ಎರಡನೆಯದು ಬಹಳ ಮುಖ್ಯ. ‘ಹಳದಿ ಎಚ್ಚರಿಕೆ ಇಲ್ಲ, ಹಾಗಾದರೆ ಮಳೆ ಇಲ್ಲ’ ಅಂದುಕೊಳ್ಳಬೇಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 2.5ರಿಂದ 15.5 ಮಿ.ಮೀ. ಬಿದ್ದರೆ ಹಗುರ ಮಳೆ. 15.6ರಿಂದ 64.4 ಮಿ.ಮೀ. ಸಾಧಾರಣ. 64.5 ದಾಟಿದರೆ ಮಾತ್ರ ಭಾರಿ. ಮಳೆಯ ಬಣ್ಣದ ಎಚ್ಚರಿಕೆಗಳು ಮುಖ್ಯವಾಗಿ ಈ ಭಾರಿ ಮಳೆಗೆ ಕೊಡುವಂಥವು. ಗುಡುಗು, ಮಿಂಚು, ಗಾಳಿಗೂ ಕೆಲವೊಮ್ಮೆ ಹಳದಿ ಕೊಡುತ್ತಾರೆ. ಪೇಟೆಯವರಿಗೆ 12 ಮಿ.ಮೀ. ಅಂದರೆ ಛತ್ರಿ ಹಿಡಿಯುವಷ್ಟು ಮಳೆ. ಕಿತ್ತು ಒಣಹಾಕಿದ ಶೇಂಗಾಕ್ಕೆ ಅದೇ 12 ಮಿ.ಮೀ. ಸಾಕು, ಕಾಯಿ ಕಪ್ಪಾಗಲು. ಹಾಗಾಗಿ ಬಣ್ಣ ನೋಡಬೇಡಿ, ಮಿಲಿಮೀಟರ್ ನೋಡಿ.

ಮೂರನೆಯದು, ಮುನ್ಸೂಚನೆಯ ಮಾತುಗಳು. ‘ಒಂದೆರಡು ಕಡೆ’ ಅಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಾತ್ರ ಮಳೆ. ‘ಕೆಲವು ಕಡೆ’ ಅಂದರೆ ಅರ್ಧದವರೆಗೆ. ‘ಹಲವು ಕಡೆ’ ಅಂದರೆ ಮುಕ್ಕಾಲರವರೆಗೆ. ‘ಬಹುತೇಕ ಕಡೆ’ ಅಂದರೆ ಅದಕ್ಕೂ ಮೇಲೆ. ಒಂದೆರಡು ಕಡೆ ಅಂದಾಗ ನಾನಾದರೆ ತಾಡಪಾಲು ಹೊಲದಲ್ಲೇ ಇಟ್ಟುಕೊಂಡು ಕೆಲಸ ಮುಂದುವರಿಸುತ್ತೇನೆ. ಹಲವು ಕಡೆ ಅಂತ ಎರಡು ದಿನ ಸತತ ಹೇಳಿದರೆ ಹೊಸದಾಗಿ ಏನನ್ನೂ ಕೊಯ್ಯುವುದಿಲ್ಲ.

ಎಲ್ಲಿ ನೋಡಬೇಕು? ‘ಮೇಘದೂತ್’ ಆ್ಯಪ್ ಕನ್ನಡದಲ್ಲಿದೆ. ಜಿಲ್ಲಾವಾರು ಮುನ್ಸೂಚನೆಯ ಜೊತೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬೆಳೆ ಸಲಹೆಯೂ ಬರುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ 92433 45433ಕ್ಕೆ ಫೋನ್ ಮಾಡಿ ನಿಮ್ಮ ಹೋಬಳಿಯ ಹೆಸರು ಹೇಳಿದರೆ ಅಲ್ಲಿನ ಮಳೆ ಸಾಧ್ಯತೆ ಹೇಳುತ್ತಾರೆ. ಆ್ಯಪ್ ಒಗ್ಗದ ಹಿರಿಯರಿಗೆ ಇದೇ ಸಲೀಸು. ಸಿಡಿಲಿಗೆ ‘ದಾಮಿನಿ’ ಆ್ಯಪ್ ಇರಲಿ. ಅಕ್ಟೋಬರ್ ಸಂಜೆಗಳಲ್ಲಿ ಆಳುಗಳ ಸಮೇತ ಬಯಲು ಹೊಲದಲ್ಲಿ ಇರುವವರಿಗೆ ಅದು ಬೇಕೇ ಬೇಕು. ಗುಡುಗು ಕೇಳಿಸಿತೆಂದರೆ ಮರದಡಿ ನಿಲ್ಲದೆ ಮನೆಗೆ ನಡೆಯಿರಿ.

ಮೊದಲ ಮೂರು ದಿನದ ಮುನ್ಸೂಚನೆಯನ್ನು ನಂಬಿ ಕೆಲಸ ಮಾಡಬಹುದು. ಐದನೇ ದಿನದ್ದು ಅಂದಾಜು. ಹತ್ತು ಹದಿನೈದು ದಿನದ್ದನ್ನು ಯೂಟ್ಯೂಬಿನಲ್ಲಿ ಯಾರೋ ತಾರೀಕಿನ ಸಮೇತ ಹೇಳಿದರೆ ಸುಮ್ನೆ ಕೇಳಿ ಬಿಟ್ಟುಬಿಡಿ.

ಹಂತ 3: ಯಾವ ಹೊಲ ಎಲ್ಲಿಗೆ ಬಂದಿದೆ, ಬರೆದಿಡಿ

ಒಂದು ನೋಟ್‌ಬುಕ್ ಸಾಕು. ಹೊಲದ ಸರ್ವೆ ನಂಬರ್, ತಳಿ, ಬಿತ್ತಿದ ತಾರೀಕು, ಎಷ್ಟು ದಿನದ ತಳಿ, ಇವತ್ತಿಗೆ ಬೆಳೆಯ ಹಂತ, ಕೊಯ್ದರೆ ಎಷ್ಟು ಆಳು ಬೇಕು. ಎರೆ (ಕಪ್ಪು ಮಣ್ಣಿನ) ಹೊಲ, ಮಸಾರಿ (ಕೆಂಪು ಮಣ್ಣಿನ) ಹೊಲ ಬೇರೆ ಬೇರೆ ಬರೆಯಿರಿ. ಮಳೆ ನಿಂತ ಒಂದೆರಡು ದಿನಕ್ಕೆ ಮಸಾರಿಯಲ್ಲಿ ಕಾಲಿಡಬಹುದು. ಎರೆಯಲ್ಲಿ ವಾರವಾದರೂ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಹಾಗಾಗಿ ಎರಡೂ ಹೊಲ ಒಟ್ಟಿಗೆ ಬಲಿತಿದ್ದರೆ ಮಳೆಗೆ ಮುಂಚೆ ಎರೆ ಹೊಲದ್ದನ್ನು ಮುಗಿಸಿಕೊಳ್ಳುವುದು ಜಾಣತನ. ಸುತ್ತಮುತ್ತ ಊರುಗಳಲ್ಲಿ ಕೊಯ್ಲು ಎಲ್ಲಿಗೆ ಬಂದಿದೆ ಅಂತಲೂ ಕಿವಿಗೆ ಹಾಕಿಕೊಳ್ಳಿ. ಒಂದು ಕಡೆ ಮುಗಿದ ಕೂಡಲೇ ಒಕ್ಕಣೆ ಮಷಿನ್ ಮುಂದಿನ ಊರಿಗೆ ಹೊರಡುತ್ತದೆ. ಫೋನ್ ಮಾಡಬೇಕಾದ್ದು ಆಗ. ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಹೆಸರು ಬರೆಸುವುದಿದ್ದರೂ ಅಷ್ಟೇ, ಬೆಳೆ ಒಣಗುವವರೆಗೆ ಕಾಯಬೇಡಿ. ಸಣ್ಣ ಹಿಡುವಳಿಯವರಿಗೆ ಮುಯ್ಯಾಳು ಪದ್ಧತಿ ಈಗಲೂ ಒಳ್ಳೆಯದೇ. ಇವತ್ತು ನಿಮ್ಮ ಹೊಲ, ನಾಳೆ ನಮ್ಮದು.

ಹಂತ 4: ಬೆಳೆವಾರು ಒಣ ದಿನದ ಲೆಕ್ಕ

ಶೇಂಗಾ. ಇದಕ್ಕೆ ಒಣ ದಿನ ಜಾಸ್ತಿ ಬೇಕು, ತಾಳ್ಮೆ ಕಡಿಮೆ. ಕಿತ್ತ ಮೇಲೆ ಹೊಲದಲ್ಲೇ ಮೂರು ನಾಲ್ಕು ದಿನ, ಕಾಯಿ ಬಿಡಿಸಿದ ಮೇಲೆ ಇನ್ನೆರಡು ಮೂರು ದಿನ. ಒಟ್ಟು ವಾರ ಅಂದುಕೊಳ್ಳಿ. ಅದರಲ್ಲಿ ಮೊದಲ ನಾಲ್ಕು ದಿನ ಮಳೆ ಬೀಳಲೇಬಾರದು.

ಬಲಿತಿದೆಯಾ ನೋಡಲು ಹೊಲದ ನಾಲ್ಕೈದು ಕಡೆ ಗಿಡ ಕಿತ್ತು ಕಾಯಿ ಒಡೆಯಿರಿ. ಸಿಪ್ಪೆಯ ಒಳಮೈ ಬಿಳಿ ಇದ್ದರೆ ಎಳಸು. ಕಂದು ಕಪ್ಪು ತಿರುಗಿದ್ದರೆ ಬಲಿತಿದೆ. ನೂರಕ್ಕೆ 75–80 ಕಾಯಿ ಹೀಗಿದ್ದರೆ ಕೀಳುವ ಸಮಯ. ಎಲೆ ಹಳದಿಯಾಗಿದೆ ಅಂತ ಮಾತ್ರ ನೋಡಿ ಕೀಳಬೇಡಿ. ಎಲೆಚುಕ್ಕೆ, ತುಕ್ಕು ರೋಗಕ್ಕೂ ಎಲೆ ಹಾಗೇ ಆಗುತ್ತದೆ.

ಮೆಕ್ಕೆಜೋಳದ ಹಾಗೆ ಶೇಂಗಾವನ್ನು ‘ಮಳೆ ಹೋಗಲಿ, ಆಮೇಲೆ ನೋಡೋಣ’ ಅಂತ ಬಹಳ ದಿನ ಬಿಡಲೂ ಆಗುವುದಿಲ್ಲ. ನಮ್ಮಲ್ಲಿ ಬೆಳೆಯುವ ಟಿಎಂವಿ-2, ಕೆ-6ನಂಥ ಗೊಂಚಲು ತಳಿಗಳ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಬಲಿತ ಮೇಲೆ ನೆಲದಲ್ಲಿ ತೇವ ನಿಂತರೆ ಅಲ್ಲೇ ಮೊಳಕೆ ಒಡೆಯುತ್ತದೆ. ನೆಲ ಪೂರ್ತಿ ಒಣಗಿದರೂ ಕಷ್ಟವೇ. ಮಸಾರಿ ಗಟ್ಟಿಯಾಗಿ ಬಳ್ಳಿ ಕೈಗೆ ಬರುತ್ತದೆ, ಕಾಯಿ ಒಳಗೇ ಉಳಿಯುತ್ತದೆ. ಆದ್ದರಿಂದ ಸ್ವಾತಿಯ ಒಂದು ಹದ ಮಳೆ ಬಿದ್ದು, ಹಿಂದೆಯೇ ಐದಾರು ದಿನ ಒಣಹವೆ ಅಂತ ಮುನ್ಸೂಚನೆ ಇದ್ದರೆ ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಬೇರೆ ಕೆಲಸ ಬಿಟ್ಟು ಆಗಲೇ ಕೀಳಿ.

ಕಿತ್ತ ಗಿಡವನ್ನು ಕಾಯಿ ಮೇಲೆ, ಎಲೆ ಕೆಳಗೆ ಬರುವ ಹಾಗೆ ಸಾಲಾಗಿ ಮಗುಚಿ ಹಾಕಿ. ಕಾಯಿ ನೆಲಕ್ಕೆ ತಾಗದಿದ್ದರೆ ಬೇಗ ಒಣಗುತ್ತದೆ, ಬೂಸ್ಟು ಕಡಿಮೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಬೀಜ ಗಲಗಲ ಅಂದರೆ ಬಿಡಿಸಬಹುದು. ದಾಸ್ತಾನಿಗೆ ತೇವಾಂಶ ಶೇ 8ರ ಆಸುಪಾಸಿಗೆ ಬರಬೇಕು. ಹಸಿ ಕಾಯಿ ಚೀಲಕ್ಕೆ ತುಂಬಿದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುವ ಬೂಸ್ಟು ಹಿಡಿಯುತ್ತದೆ. ಆ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಕಪ್ಪಾದ ಕಾಯಿಯನ್ನು ಬೇರೆ ತೆಗೆದಿಡಿ, ಮನೆ ಎಣ್ಣೆಗೂ ಬೇಡ. ಬೂಸ್ಟು ಹಿಡಿದ ಹೊಟ್ಟನ್ನು ಹಸುವಿಗೆ ಹಾಕಿದರೆ ವಿಷ ಹಾಲಿಗೂ ಬರುತ್ತದೆ.

ಮೆಕ್ಕೆಜೋಳ. ಈ ಬೆಳೆಗೆ ಅವಸರ ಬೇಡ. ಕಾಳನ್ನು ತೆನೆಯಿಂದ ಬಿಡಿಸಿ ಬುಡ ನೋಡಿ. ಅಲ್ಲಿ ಕಪ್ಪು ಪದರ ಬಂದಿದ್ದರೆ ಕಾಳು ಬಲಿತಿದೆ, ಇನ್ನು ಗಿಡದಿಂದ ಅದಕ್ಕೆ ಸೇರುವುದು ಏನೂ ಇಲ್ಲ. ಆದರೆ ಆಗ ಕಾಳಿನಲ್ಲಿ ಶೇ 30–35ರಷ್ಟು ನೀರು ಇರುತ್ತದೆ. ಅವತ್ತೇ ಕೊಯ್ದರೆ ಅಷ್ಟೂ ನೀರನ್ನು ನಿಮ್ಮ ಕಣದಲ್ಲಿ ಒಣಗಿಸಬೇಕು. ಗಿಡದಲ್ಲೇ ಬಿಟ್ಟರೆ ಬಿಸಿಲು ಗಾಳಿ ಪುಕ್ಕಟೆ ಒಣಗಿಸುತ್ತವೆ. ಸಿಪ್ಪೆ ಮುಚ್ಚಿದ ತೆನೆ ಕೆಳಮುಖವಾಗಿ ಜೋತು ಬಿದ್ದಿದ್ದರೆ ನೀರು ಜಾರಿ ಹೋಗುತ್ತದೆ. ಹಾಗಾಗಿ ಜಡಿ ಮಳೆ ಬರುವ ಸೂಚನೆ ಇದ್ದು, ಗಿಡ ಗಟ್ಟಿಯಾಗಿ ನಿಂತಿದ್ದರೆ, ಬಿಟ್ಟುಬಿಡಿ. ಗಿಡ ಮಲಗಿದ್ದರೆ, ಕಾಂಡ ಕೊಳೆಯುತ್ತಿದ್ದರೆ, ಸಿಪ್ಪೆ ಬಿಚ್ಚಿಕೊಂಡಿದ್ದರೆ ಮಾತ್ರ ಮಳೆಗೆ ಮುಂಚೆ ತೆನೆ ಮುರಿಯಿರಿ.

ಮುರಿದದ್ದನ್ನು ಕೂಡಲೇ ಒಕ್ಕಬೇಡಿ. ತೆನೆಯ ರೂಪದಲ್ಲಿದ್ದಾಗ ಸಂದಿಯಲ್ಲಿ ಗಾಳಿ ಆಡುತ್ತದೆ. ಹಸಿ ಕಾಳಿನ ರಾಶಿ ಒಂದೆರಡು ದಿನಕ್ಕೇ ಕಾವು ಏರಿ ವಾಸನೆ ಬರುತ್ತದೆ. ಮೋಡ ಇದ್ದಷ್ಟು ದಿನ ತೆನೆಯಾಗೇ ಸೂರಿನಡಿ ತೆಳ್ಳಗೆ ಹರಡಿಡಿ, ಬಿಸಿಲು ಬಂದ ಮೇಲೆ ಮಷಿನ್‌ಗೆ ಹಾಕಿ. ಕಂಬೈನ್‌ನಲ್ಲಿ ನೇರವಾಗಿ ಕಟಾವು ಮಾಡಿಸುವವರು ಅವತ್ತು, ಮಾರನೇ ದಿನ ಬಿಸಿಲು ಇದೆಯಾ ನೋಡಿಯೇ ಗಾಡಿ ಕರೆಸಿ. ಕಾಳು ನೇರವಾಗಿ ಟ್ರೇಲರಿಗೆ ಬೀಳುತ್ತದೆ, ತೆನೆಯಾಗಿ ಇಡುವ ದಾರಿ ಅಲ್ಲಿ ಇಲ್ಲ.

ಒಕ್ಕಣೆ ಮಷಿನ್ ಹತ್ತಿರ ಸೆರಗು, ಟವೆಲ್, ಉದ್ದ ತೋಳು ಬಿಗಿಯಾಗಿ ಕಟ್ಟಿಕೊಳ್ಳಿ. ಕತ್ತಲಾದ ಮೇಲೆ ಅವಸರಕ್ಕೆ ಕೈಯಿಂದ ತೆನೆ ಒಳಗೆ ನೂಕುವುದು ಬೇಡ.

ರಾಗಿ. ತೆನೆ ಕಂದು ಬಣ್ಣಕ್ಕೆ ತಿರುಗಿ, ಉಜ್ಜಿದರೆ ಕಾಳು ಸುಲಭವಾಗಿ ಉದುರಬೇಕು. ಕೊಯ್ದು ಅರಿ ಹಾಕಿದ (ಹೊಲದಲ್ಲೇ ಸಾಲಾಗಿ ಮಲಗಿಸಿದ) ಮೇಲೆ ಎರಡು ಮೂರು ಒಣ ದಿನ ಸಾಕು. ಆಮೇಲೆ ಕಂತೆ ಕಟ್ಟಿ ಬಣವೆ ಒಟ್ಟಿಬಿಟ್ಟರೆ ರಾಗಿಯಷ್ಟು ಗಟ್ಟಿ ಬೆಳೆ ಇನ್ನೊಂದಿಲ್ಲ. ತೆನೆ ಒಳಗೆ, ಬುಡ ಹೊರಗೆ ಇಟ್ಟು, ನೆತ್ತಿ ಇಳಿಜಾರು ಮಾಡಿ ಹುಲ್ಲು ಹೊದಿಸಿದ ಬಣವೆ ಸಾಧಾರಣ ಮಳೆಗೆ ಜಗ್ಗುವುದಿಲ್ಲ. ಒಕ್ಕಣೆ ಸಂಕ್ರಾಂತಿ ಹೊತ್ತಿಗೆ ಇಟ್ಟುಕೊಂಡರೂ ನಡೆಯುತ್ತದೆ. ಅಪಾಯ ಇರುವುದು ಅರಿ ಬಿದ್ದ ಆ ಎರಡು ಮೂರು ದಿನದಲ್ಲಿ. ಅಲ್ಲಿ ನೆನೆದರೆ ತೆನೆ ಕಪ್ಪಾಗುತ್ತದೆ, ಮೊಳಕೆ ಬರುತ್ತದೆ, ಹುಲ್ಲೂ ಕೆಡುತ್ತದೆ. ನಮ್ಮ ಕಡೆ ಎಷ್ಟೋ ಮನೆಗೆ ಕಾಳಿಗಿಂತ ಹುಲ್ಲೇ ದೊಡ್ಡದು, ಅಲ್ವಾ? ಆದ್ದರಿಂದ ಒಂದೇ ದಿನ ಹತ್ತಾರು ಆಳು ಹಾಕಿ ಎಲ್ಲ ಎಕರೆ ಕೊಯ್ದು ಮಲಗಿಸಬೇಡಿ. ಎರಡು ಮೂರು ದಿನದಲ್ಲಿ ಬಣವೆಗೆ ಹಾಕಲು ಆಗುವಷ್ಟೇ ಕೊಯ್ಯಿರಿ.

ಭತ್ತ. ಕೊಯ್ಲಿಗೆ 10–15 ದಿನ ಮುಂಚೆ ಗದ್ದೆ ನೀರು ಬಸಿಯಿರಿ. ತೆನೆಯಲ್ಲಿ ನೂರಕ್ಕೆ 80ರಷ್ಟು ಕಾಳು ಹೊಂಬಣ್ಣಕ್ಕೆ ಬಂದರೆ ಸಾಕು. ಪೂರ್ತಿ ಒಣಗಲಿ ಅಂತ ಕಾದರೆ ಕಾಳು ಉದುರುತ್ತದೆ, ಅಕ್ಕಿ ಮಾಡಿಸುವಾಗ ನುಚ್ಚು ಜಾಸ್ತಿ. ಮಳೆ ಬಿದ್ದ ಗದ್ದೆಗೆ ಟೈರ್ ಇರುವ ಕಟಾವು ಗಾಡಿ ಇಳಿಸಬೇಡಿ, ಚೈನ್ ಗಾಡಿಯೇ ಆಗಬೇಕು. ಬಾಡಿಗೆ ಹೆಚ್ಚಾದರೂ ಹೂತುಹೋದ ಗಾಡಿ ಎಳೆಸುವ ಖರ್ಚಿಗಿಂತ ಕಡಿಮೆ. ಬೆಳಗಿನ ಇಬ್ಬನಿ ಆರಿದ ಮೇಲೆ ಶುರು ಮಾಡಿದರೆ ಕಾಳಿನ ತೇವವೂ ಕಡಿಮೆ ಇರುತ್ತದೆ.

ಈರುಳ್ಳಿ. ಅರ್ಧಕ್ಕಿಂತ ಹೆಚ್ಚು ಗಿಡಗಳ ಕುತ್ತಿಗೆ ಬಾಗಿದ ಮೇಲೆ ಕೀಳಿ, 10–15 ದಿನ ಮುಂಚೆಯೇ ನೀರು ನಿಲ್ಲಿಸಿ. ಕಿತ್ತದ್ದನ್ನು ಸಾಲಾಗಿ, ಒಂದರ ಎಲೆ ಇನ್ನೊಂದರ ಗೆಡ್ಡೆ ಮುಚ್ಚುವ ಹಾಗೆ ಮೂರರಿಂದ ಐದು ದಿನ ಬಿಡಬೇಕು. ಎರಡು ಸೆಂಟಿಮೀಟರಿನಷ್ಟು ಕುತ್ತಿಗೆ ಉಳಿಸಿ ಕತ್ತರಿಸಿ, ನೆರಳಲ್ಲಿ ಇನ್ನೊಂದು ವಾರ ಆರಲಿ. ಕುತ್ತಿಗೆ ಹಸಿ ಇದ್ದಾಗಲೇ ಚೀಲ ಹೊಲಿದರೆ ಬೆಂಗಳೂರಿನ ಯಶವಂತಪುರ ತಲುಪುವ ಹೊತ್ತಿಗೆ ಕೊಳೆತ ವಾಸನೆ. ದಟ್ಟ ಮೋಡದ ವಾರದಲ್ಲಿ ಈರುಳ್ಳಿ ಕಿತ್ತರೆ ಇಡುವ ಯೋಚನೆ ಬಿಟ್ಟು ಬಂದ ಬೆಲೆಗೆ ಮಾರುವುದೇ ಲೇಸು ಅನ್ನುವುದು ನನ್ನ ಅಭಿಪ್ರಾಯ.

ಹತ್ತಿಗೆ ಒಂದೇ ಮಾತು: ಇಬ್ಬನಿ ಆರಿದ ಮೇಲೆ ಬಿಡಿಸಿ, ಮಳೆ ಸೂಚನೆ ಇದ್ದರೆ ಅರಳಿದ್ದನ್ನು ಹಿಂದಿನ ದಿನವೇ ಬಿಡಿಸಿ. ನೆನೆದ ಹತ್ತಿಯನ್ನು ಒಣ ಹತ್ತಿಗೆ ಬೆರೆಸಬೇಡಿ. ಚನ್ನಗಿರಿ ಕಡೆ ಅಡಿಕೆ ಬೇಯಿಸುವವರಿಗೂ ಒಂದೇ ಮಾತು. ಮೋಡ ಇದ್ದಾಗ ಅಡಿಕೆ ಗೊನೆ ಮರದಲ್ಲೇ ಇರಲಿ.

ಹಂತ 5: ಕಣ ಮತ್ತು ತಾಡಪಾಲು, ಕೊಯ್ಲಿಗೆ ಮುಂಚೆ

ಲೆಕ್ಕ ಹೀಗಿದೆ. 20 ಅಡಿಗೆ 30 ಅಡಿ ತಾಡಪಾಲಿನ ಮೇಲೆ ಎರಡು ಇಂಚು ದಪ್ಪ ಹರಡಿದರೆ ಸುಮಾರು 20 ಕ್ವಿಂಟಲ್ ಮೆಕ್ಕೆಜೋಳ ಹಿಡಿಯುತ್ತದೆ. ಎರಡು ಇಂಚಿಗಿಂತ ದಪ್ಪ ಹರಡಿದರೆ ಮೇಲಿನದು ಮಾತ್ರ ಒಣಗುತ್ತದೆ. ಅಂದರೆ ಎಕರೆಗೆ 20 ಕ್ವಿಂಟಲ್ ಬರುವ ಹೊಲದಲ್ಲಿ ಎಕರೆಗೊಂದು ಹಾಸಲು, ರಾಶಿ ಮುಚ್ಚಲು ಇನ್ನೊಂದು ಬೇಕು. ಮೂರು ಎಕರೆ ಇದ್ದು ಎರಡೇ ತಾಡಪಾಲು ಇದ್ದರೆ ಒಂದು ಸಲಕ್ಕೆ ಒಂದೇ ಎಕರೆ ಒಕ್ಕಿ. ರೈತ ಸಂಪರ್ಕ ಕೇಂದ್ರಗಳಲ್ಲಿ ಸಬ್ಸಿಡಿ ದರಕ್ಕೆ ತಾಡಪಾಲು ಕೊಡುತ್ತಾರೆ. ದಾಸ್ತಾನು ಬಂದಾಗಲೇ ತಗೊಳ್ಳಿ, ಸೈಕ್ಲೋನ್ ಸುದ್ದಿ ಬಂದ ದಿನ ಅಂಗಡಿಯಲ್ಲೂ ಸಿಗುವುದಿಲ್ಲ.

ಮುಚ್ಚುವ ರೀತಿಯಲ್ಲೂ ವಿಷಯ ಇದೆ. ಅದೇ 20x30 ತಾಡಪಾಲಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ 550 ಲೀಟರ್‌ಗೂ ಹೆಚ್ಚು ನೀರು. ರಾಶಿ ಚಪ್ಪಟೆ ಇದ್ದರೆ ಅಷ್ಟೂ ನೀರು ನಡುವೆ ಗುಂಡಿ ಮಾಡಿ ನಿಂತು ಒಳಗೆ ಇಳಿಯುತ್ತದೆ. ರಾಶಿಯನ್ನು ಕಡಿದಾಗಿ, ಉದ್ದಕ್ಕೆ ಎಳೆಯಿರಿ. ಕಣ ಸುತ್ತಲಿನ ನೆಲಕ್ಕಿಂತ ಎತ್ತರ ಇರಲಿ, ಸುತ್ತ ಒಂದು ಗೇಣು ಆಳ ಕಾಲುವೆ ತೆಗೆಯಿರಿ. ಕೆಳಗೆ ಹಾಸಿದ ಹಾಳೆಯ ಅಂಚನ್ನು ಒಳಕ್ಕೆ ಮಡಚಿ, ಮೇಲಿನದು ಅದರ ಹೊರಗೆ ಬರಲಿ. ಉಲ್ಟಾ ಹಾಕಿದರೆ ಮೇಲಿನಿಂದ ಜಾರಿದ ನೀರು ನೇರವಾಗಿ ಕಾಳಿನಡಿ ಹೋಗುತ್ತದೆ.

ಹಸಿ ಕಾಳನ್ನು ಬಿಗಿಯಾಗಿ ಮುಚ್ಚಿಟ್ಟರೆ ಒಳಗೇ ಬೆವರುತ್ತದೆ. ಮಳೆ ಬಿಟ್ಟ ಕೂಡಲೇ, ಬಿಸಿಲು ಇಲ್ಲದಿದ್ದರೂ, ಒಂದು ಬದಿ ಎತ್ತಿ ಗಾಳಿ ಆಡಿಸಿ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡಿ. ಬಿಸಿ ಹತ್ತಿದರೆ ಆಗಲೇ ಹರಡಬೇಕು, ಬೆಳಿಗ್ಗೆ ನೋಡೋಣ ಅನ್ನಬೇಡಿ. ನವೆಂಬರಿನಲ್ಲಿ ಮಳೆ ಇಲ್ಲದಿದ್ದರೂ ಇಬ್ಬನಿ ಬೀಳುತ್ತದೆ. ಬೆಳಿಗ್ಗೆ ಒಂಬತ್ತರ ನಂತರ ತೆಗೆದು, ಸಂಜೆ ಐದರೊಳಗೆ ಮುಚ್ಚಿ.

ರಸ್ತೆ ಮೇಲೆ ಒಣಹಾಕುವ ಬಗ್ಗೆ ಹೇಳದೇ ಮುಂದೆ ಹೋಗಲಾರೆ. ಟಾರು ಬಿಸಿಗೆ ಬೇಗ ಒಣಗುತ್ತದೆ, ನಿಜ. ಆದರೆ ರಾಶಿ ಅಂಚಿಗೆ ಇಟ್ಟ ಕಲ್ಲಿಗೆ ರಾತ್ರಿ ಬೈಕ್ ಗುದ್ದಿ ಜೀವ ಹೋಗುವುದೂ ಅಷ್ಟೇ ನಿಜ. ನಾಲ್ಕು ಮನೆಯವರು ಸೇರಿ ಊರ ಹತ್ತಿರ ಒಂದು ಸಿಮೆಂಟ್ ಕಣ ಮಾಡಿಸಿಕೊಳ್ಳುವುದೇ ಇದಕ್ಕೆ ದಾರಿ.

ಹಂತ 6: ತೇವ ಅಳೆದು ಮಾರಿ

ಮೀಟರ್ ಇಲ್ಲದವರಿಗೆ ಉಪ್ಪಿನ ಪರೀಕ್ಷೆ. ಒಣ ಗಾಜಿನ ಬಾಟಲಿಗೆ ಒಂದೆರಡು ಹಿಡಿ ಕಾಳು, ಎರಡು ಚಮಚ ಚೆನ್ನಾಗಿ ಒಣಗಿದ ಉಪ್ಪು ಹಾಕಿ ಅಲ್ಲಾಡಿಸಿ. ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇ 15ಕ್ಕಿಂತ ಮೇಲಿದೆ. ಅಂಟದಿದ್ದರೆ ಕೆಳಗಿದೆ. ಬೆಂಬಲ ಬೆಲೆ ಕೇಂದ್ರದಲ್ಲಿ ಮೆಕ್ಕೆಜೋಳಕ್ಕೆ ಶೇ 14, ರಾಗಿಗೆ ಶೇ 12, ಭತ್ತಕ್ಕೆ ಶೇ 17ರ ಮಿತಿ ಇದೆ. ಮನೆಯಲ್ಲಿ ಇಡುವ ಭತ್ತ ಇನ್ನೂ ಒಣಗಬೇಕು, ಶೇ 12–14.

ಒಣಗಿಸುವುದು ಯಾವಾಗಲೂ ಲಾಭವಾ? ಲೆಕ್ಕ ಹಾಕಿ. ಶೇ 20 ತೇವದ 100 ಕೆ.ಜಿ. ಮೆಕ್ಕೆಜೋಳ ಶೇ 14ಕ್ಕೆ ಒಣಗಿದಾಗ 93 ಕೆ.ಜಿ. ಆಗುತ್ತದೆ. ಶೇ 25 ಇದ್ದರೆ 87 ಕೆ.ಜಿ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ದರದಲ್ಲಿ 93 ಕೆ.ಜಿ.ಗೆ 2,232 ರೂಪಾಯಿ ಬರುತ್ತದೆ. ಅಂದರೆ ಒಣ ಮಾಲಿಗೆ 2,400 ಕೊಡುವ ಖರೀದಿದಾರ ಶೇ 20ರ ಹಸಿ ಮಾಲಿಗೆ 2,200 ಕೊಟ್ಟರೆ ನಷ್ಟವಿಲ್ಲ. ಒಣಗಿಸುವ ಆಳು, ಮಳೆಯ ಭಯ ಎರಡೂ ತಪ್ಪುತ್ತವೆ. ಹಸಿ ಅಂತ ಹೇಳಿ 1,800ಕ್ಕೆ ಕೇಳಿದರೆ ಮಾತ್ರ ಒಣಗಿಸಿ. 2025ರ ನವೆಂಬರಿನಲ್ಲಿ ಪೇಟೆ ದರ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಇಳಿದಿತ್ತು. ಆಗ ಬಳಸಬೇಕಾದ್ದೂ ಇದೇ ಸೂತ್ರ: ಶೇ 20ರ ಹಸಿ ಮಾಲಾದರೆ ಅವತ್ತಿನ ಒಣ ಮಾಲಿನ ದರವನ್ನು 0.93ರಿಂದ ಗುಣಿಸಿ ನೋಡಿ.

ಬೆಂಬಲ ಬೆಲೆಗೆ ಮಾರಲು ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೇಕು. ಜೊತೆಗೆ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಬೆಳೆ ಸರಿಯಾಗಿ ನಮೂದಾಗಿರಬೇಕು. ರಾಗಿ ಹೊಲಕ್ಕೆ ಮೆಕ್ಕೆಜೋಳ ಅಂತ ಇದ್ದರೆ ಕೇಂದ್ರದಲ್ಲಿ ವಾಪಸ್ ಕಳಿಸುತ್ತಾರೆ. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಬೆಳೆ ಹೊಲದಲ್ಲಿ ಇರುವಾಗಲೇ ಆಕ್ಷೇಪಣೆ ಹಾಕಿ. ಕೊಯ್ದ ಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ.

ಹಂತ 7: ಆದರೂ ಮಳೆ ಹೊಡೆದರೆ

ಮೊದಲ ಕೆಲಸ ಫೋಟೋ, ಎರಡನೇ ಕೆಲಸ ಫೋನ್, ಆಮೇಲೆ ರಿಪೇರಿ. ಫಸಲ್ ಬಿಮಾ (ಬೆಳೆ ವಿಮೆ) ಮಾಡಿಸಿದ್ದರೆ ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೆ ಕೊಯ್ಲಿನಿಂದ 14 ದಿನದವರೆಗೆ ರಕ್ಷಣೆ ಇದೆ. ಚಂಡಮಾರುತದ ಮಳೆ, ಅಕಾಲಿಕ ಮಳೆ, ಆಲಿಕಲ್ಲಿನಿಂದ ಆದ ನಷ್ಟ ಇದರಲ್ಲಿ ಬರುತ್ತದೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಫೋನ್ ಮಾಡಬಹುದು, ಬೆಳೆ ವಿಮೆ ಆ್ಯಪ್‌ನಲ್ಲಿ ಹಾಕಬಹುದು, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ಬರೆದು ಕೊಡಬಹುದು. ಗಮನಿಸಿ, ಈ ರಕ್ಷಣೆ ಹೊಲದಲ್ಲಿ ಇದ್ದ ಬೆಳೆಗೆ. ಒಕ್ಕಿ ರಸ್ತೆ ಮೇಲೆ ಹಾಕಿದ ಕಾಳು ಕೊಚ್ಚಿ ಹೋದರೆ ಇದರಲ್ಲಿ ಕೇಳಲಾಗದು. ದೂರು ಕೊಟ್ಟ ನಂಬರನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇನ್ನು, ನಿಮ್ಮ ಪಂಚಾಯಿತಿಯಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುವ ದಿನ ಹೊಲಕ್ಕೆ ಹೋಗಿ ನಿಂತು ನೋಡಿ. ಪಂಚಾಯಿತಿಯ ಇಳುವರಿ ಲೆಕ್ಕ, ಅದರಿಂದ ವಿಮೆ ಹಣ, ಎರಡೂ ಅಲ್ಲಿ ತೂಗಿದ ಕಾಳಿನ ಮೇಲೆ ನಿಂತಿದೆ.

ಬೆಳೆ ಉಳಿಸುವ ಕೆಲಸ: ಮಲಗಿದ ಭತ್ತದ ಗದ್ದೆಯ ಬದು ಕಡಿದು ನೀರು ಹೊರಗೆ ಬಿಡಿ, ನಾಲ್ಕೈದು ಬುಡ ಸೇರಿಸಿ ಎತ್ತಿ ಕಟ್ಟಿ. ಮೊಳಕೆ ತಡೆಯಲು ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ ತೆನೆ ನೆನೆಯುವ ಹಾಗೆ ಸಿಂಪಡಿಸಿ. ನೆನೆದ ರಾಗಿ ಅರಿಯನ್ನು ಮಳೆ ನಿಂತ ತಕ್ಷಣ ಮಗುಚಿ, ಸಣ್ಣ ಕಂತೆ ಕಟ್ಟಿ ತೆನೆ ಮೇಲಾಗಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಶೇಂಗಾವನ್ನು ಗುಡ್ಡೆ ಹಾಕಬೇಡಿ, ಸಾಲನ್ನು ತಿರುವಿ ಹಾಕಿ. ನೆನೆದದ್ದನ್ನು ಬೀಜಕ್ಕೆ ಇಡಬೇಡಿ.

ತೊಗರಿ, ಕಡಲೆ: ಇದೇ ಮೋಡದ ಇನ್ನೊಂದು ಮುಖ

ನವೆಂಬರಿನಲ್ಲಿ ತೊಗರಿ ಹೂವಿನಲ್ಲಿರುತ್ತದೆ. ಮೂರು ನಾಲ್ಕು ದಿನ ಮೋಡ ಮುಸುಕಿದರೆ ಹೂ ಉದುರುತ್ತದೆ, ಕಾಯಿಕೊರಕ ಏಳುತ್ತದೆ. ಕೊಯ್ಲಿನ ಗಲಾಟೆಯಲ್ಲಿ ತೊಗರಿ ಸಾಲನ್ನು ಮರೆಯುವುದು ಸಾಮಾನ್ಯ. ದಿನಾ ಸಂಜೆ ನಾಲ್ಕು ಗಿಡದ ಕೆಳಗೆ ಬಟ್ಟೆ ಹಾಸಿ ಅಲ್ಲಾಡಿಸಿ, ಹುಳು ಬಿದ್ದರೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಅಥವಾ ಹಿರಿಯೂರಿನ ಬಬ್ಬೂರು ಫಾರಂನವರನ್ನು ಕೇಳಿ ಔಷಧಿ ಹೊಡೆಯಿರಿ. ಅಂಗಡಿಯವರು ಕೊಟ್ಟ ಮಿಶ್ರಣ ಬೇಡ.

ಎರೆ ಹೊಲ ಖಾಲಿಯಾಗಿದ್ದರೆ ಇದೇ ಮಳೆ ಕಡಲೆಗೆ ಹದ ಕೊಡುತ್ತದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ಬಿತ್ತಿದರೆ ಮುಂದೆ ಬೆಳೆಗೆ ಇಬ್ಬನಿ ಮತ್ತು ನೆಲದ ತೇವವೇ ಸಾಕಾಗುತ್ತದೆ. ಮೆಕ್ಕೆಜೋಳ ತೆಗೆದ ಹೊಲವಾದರೆ ದಂಟನ್ನು ಸುಡದೆ ರೋಟವೇಟರ್ ಹೊಡೆಸಿ, ಬೀಜಕ್ಕೆ ರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರದ ಪುಡಿ ಲೇಪಿಸಿ. ಬಿತ್ತನೆ ತಾರೀಕನ್ನು ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆಯಿರಿ. ಕಡಲೆ ಫೆಬ್ರವರಿ ಹೊತ್ತಿಗೆ ಕೊಯ್ಲಿಗೆ ಬರುತ್ತದೆ.